ತಗಡಿನ ಪೆಟ್ಟಿಗೆಗೆ ತಂಪು ಬಂದ ಕತೆ

ಹಾಸನದಲ್ಲಿ ಸಾಲಗಾಮೆ ರಸ್ತೆ ಹಿಡಿದು ಹೊರಟರೆ ಆಕಾಶಕ್ಕೆ ಮುಖ ಮಾಡಿ ನಿಂತ ದೊಡ್ಡ ಬಿಳಿ ತಟ್ಟೆಗಳು ಕಾಣುತ್ತವೆ. ಊರಿನವರ ಬಾಯಲ್ಲಿ ಅದು ಬರೀ ‘ಎಂಸಿಎಫ್’. ಪೂರ್ತಿ ಹೆಸರು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ಕಾಣುವ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಜಾಗ. 1982ರಲ್ಲಿ ಕೇಂದ್ರ ಶುರುವಾದಾಗ ಇಲ್ಲಿನವರ ಕೈಗೆ ಬಂದ ಮೊದಲ ಕೂಸು ಇನ್ಸಾಟ್-1ಎ. ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿ ಕಟ್ಟಿದ ಈ ಉಪಗ್ರಹ ಆ ವರ್ಷದ ಏಪ್ರಿಲ್ 10ರಂದು ಡೆಲ್ಟಾ ರಾಕೆಟ್ ಏರಿ ಹೋಯಿತು.

ಅದರ ಚಿತ್ರ ನೋಡಿದವರಿಗೆ ಒಂದು ಅನುಮಾನ ಬರಲೇಬೇಕು. ಉಪಗ್ರಹವೆಂದರೆ ಎರಡೂ ಕಡೆ ಸೌರಫಲಕದ ರೆಕ್ಕೆ ಚಾಚಿರುತ್ತದೆ. ಇದಕ್ಕೆ ದಕ್ಷಿಣದ ಕಡೆ ಮಾತ್ರ ರೆಕ್ಕೆ. ಉತ್ತರದ ಕಡೆ ಉದ್ದನೆಯ ಸಪೂರ ಕಂಬ, ಅದರ ತುದಿಯಲ್ಲಿ ಸಣ್ಣದೊಂದು ಪಟ. ಯಾರಾದರೂ ಬೇಕೆಂದೇ ಇಂಥ ಕುಂಟು ವಿನ್ಯಾಸ ಮಾಡುತ್ತಾರೆಯೇ?

ಬೇಕೆಂದೇ ಮಾಡಿದ್ದರು. ಕಾರಣ ಶಾಖ. ಇನ್ಸಾಟ್-1 ಸರಣಿ ದೂರವಾಣಿ, ಟೆಲಿವಿಷನ್ ಜೊತೆಗೆ ಹವಾಮಾನವನ್ನೂ ನೋಡಬೇಕಿತ್ತು. ಅದರ ಕ್ಯಾಮೆರಾಕ್ಕೆ ಅವಕೆಂಪು ಕಿರಣ ಗ್ರಹಿಸುವ ಒಂದು ಕಣ್ಣು ಇತ್ತು. ಮೋಡದ ನೆತ್ತಿ ಎಷ್ಟು ತಣ್ಣಗಿದೆ, ಸಮುದ್ರ ಎಷ್ಟು ಬೆಚ್ಚಗಿದೆ ಎಂದು ರಾತ್ರಿಯಲ್ಲೂ ಹೇಳುವ ಕಣ್ಣು ಅದು. ಆದರೆ ಆ ಕಣ್ಣೇ ಬೆಚ್ಚಗಿದ್ದರೆ ತನ್ನದೇ ಶಾಖದಲ್ಲಿ ಕುರುಡಾಗುತ್ತದೆ. ಹಾಗಾಗಿ ಅದನ್ನು ಸೊನ್ನೆಗಿಂತ 150 ಡಿಗ್ರಿಗೂ ಕೆಳಗೆ ಇಡಬೇಕು. ಅಲ್ಲಿ ಫ್ರಿಜ್ ಇರಲಿಲ್ಲ, ಕಂಪ್ರೆಸರ್ ಇರಲಿಲ್ಲ. ಒಂದು ತಟ್ಟೆಯನ್ನು ಕತ್ತಲ ಆಕಾಶಕ್ಕೆ ಒಡ್ಡಿ, ಇದ್ದಬದ್ದ ಶಾಖವನ್ನೆಲ್ಲ ಕಿರಣರೂಪದಲ್ಲಿ ಹೊರಗೆ ಚೆಲ್ಲಿಬಿಡುವುದಷ್ಟೇ ಉಪಾಯ. ಆ ತಟ್ಟೆಯ ಎದುರಿಗೆ ಬಿಸಿಲಿಗೆ ಕಾದ ಸೌರಫಲಕ ನಿಂತರೆ ಅದರ ಬಿಸಿಯೇ ಇದರೊಳಗೆ ನುಗ್ಗುತ್ತದೆ. ಅದಕ್ಕೇ ಉತ್ತರದ ಕಡೆ ಖಾಲಿ ಬಿಟ್ಟರು.

ಖಾಲಿ ಬಿಟ್ಟಿದ್ದಕ್ಕೆ ದಂಡ ತೆರಬೇಕಾಯಿತು. ಸೂರ್ಯನ ಬೆಳಕು ಬಿದ್ದಲ್ಲಿ ಕಿಂಚಿತ್ತು ತಳ್ಳುತ್ತದೆ. ಒಂದೇ ರೆಕ್ಕೆಯ ಮೇಲೆ ದಿನಗಟ್ಟಲೆ ತಳ್ಳಿದರೆ ಉಪಗ್ರಹ ಓರೆಯಾಗುತ್ತದೆ. ಆ ತಳ್ಳುವಿಕೆಯನ್ನು ಸರಿದೂಗಿಸಲು ಕಂಬದ ತುದಿಯ ಆ ಪಟ. ಇನ್ಸಾಟ್-1ಎಯಲ್ಲಿ ಪಟ ಬಿಚ್ಚಿಕೊಳ್ಳಲೇ ಇಲ್ಲ. ಬೇರೆ ತೊಂದರೆಗಳೂ ಸೇರಿಕೊಂಡವು. ನೇರವಾಗಿ ನಿಲ್ಲಿಸಲು ಇಂಧನ ಸುರಿಯುತ್ತಾ ಹೋಗಬೇಕಾಯಿತು. ಏಳು ವರ್ಷ ಬಾಳಬೇಕಿದ್ದ ಉಪಗ್ರಹ ಸೆಪ್ಟೆಂಬರ್ 6ಕ್ಕೆ ಇಂಧನ ಮುಗಿದು ಕೈಬಿಟ್ಟು ಹೋಯಿತು. ಶಾಖವೇ ಅದನ್ನು ಕೊಂದಿತು ಎಂದರೆ ಅತಿಯಾದೀತು. ಶಾಖವನ್ನು ದೂರವಿಡಲು ಹೂಡಿದ ಉಪಾಯದ ಒಂದು ಕೀಲು ಕೈಕೊಟ್ಟಿತು ಎನ್ನುವುದು ಸರಿ. ಮುಂದಿನ ವರ್ಷ ಆಗಸ್ಟ್ 30ರಂದು ಹಾರಿದ ಇನ್ಸಾಟ್-1ಬಿ ಸೌರಫಲಕ ಬಿಚ್ಚಲು ಮೊದಮೊದಲು ಹಟ ಮಾಡಿದರೂ ಆಮೇಲೆ ಚೆನ್ನಾಗಿ ದುಡಿಯಿತು. ನಮ್ಮ ಹಳ್ಳಿಗಳಿಗೆ ದೂರದರ್ಶನ ಬಂದಿದ್ದು ಅದರ ಕಾಲದಲ್ಲೇ.

ಈ ಉಪಗ್ರಹದ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಸಕಲೇಶಪುರ, ಬಿಸಿಲೆ ಘಾಟಿ ಕಡೆಗೆ ಹೋಗುವ ದಾರಿಯಲ್ಲಿ ಮನೆಯನ್ನೇ ಗಾಲಿಯ ಮೇಲೆ ಕಟ್ಟಿಕೊಂಡವರು ಈಗ ಕಾಣಸಿಗುತ್ತಾರೆ. ಹಳೆಯ ಟೆಂಪೊ ಟ್ರಾವೆಲರನ್ನು ಕ್ಯಾರವಾನ್ ಮಾಡಿಸಿಕೊಂಡವರು, ಗಾಡಿಗೆ ಸಿಕ್ಕಿಸುವ ಟ್ರೈಲರಿನಲ್ಲಿ ಹಾಸಿಗೆ ಹಾಕಿಸಿಕೊಂಡವರು, ಫುಡ್ ಟ್ರಕ್ ನಡೆಸುವವರು. ಎಲ್ಲರ ಗೋಳೂ ಒಂದೇ: ಮಧ್ಯಾಹ್ನ ಒಳಗೆ ಕೂರಲಾಗದು, ಚಳಿಗಾಲದ ರಾತ್ರಿ ಮಲಗಲಾಗದು. ಹಾಸನವನ್ನು ಬಡವರ ಊಟಿ ಎಂದು ಕರೆದರೂ ಏಪ್ರಿಲ್ ಬಿಸಿಲಿಗೆ ಆ ಮಾತು ಗೊತ್ತಿಲ್ಲ. ಮೇಲಿರುವ ಲೋಹದ ಪೆಟ್ಟಿಗೆಗೂ ರಸ್ತೆಯ ಮೇಲಿನ ತಗಡಿನ ಪೆಟ್ಟಿಗೆಗೂ ತೊಂದರೆ ಕೊಡುವವನು ಒಬ್ಬನೇ ಸೂರ್ಯ. ಅವನನ್ನು ತಡೆಯುವ ವಿದ್ಯೆ ಹೇಗೆ ಸಿಕ್ಕಿತು ಎಂಬ ಕತೆ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ.

ಕತೆ ಶುರುವಾಗುವುದು ಸೈನಿಕರ ಬಟ್ಟೆಯಿಂದ. ಬೆಂಜಮಿನ್ ಥಾಂಪ್ಸನ್ ಎಂಬ ಅಮೆರಿಕದಲ್ಲಿ ಹುಟ್ಟಿದ ಮನುಷ್ಯ 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಬವೇರಿಯಾ ದೊರೆಯ ಬಳಿ ಚಾಕರಿಯಲ್ಲಿದ್ದ. ಮುಂದೆ ಕೌಂಟ್ ರಮ್‌ಫರ್ಡ್ ಎಂಬ ಬಿರುದು ಪಡೆದ. ಆಸಾಮಿ ಗೂಢಚಾರನೂ ಹೌದು, ಅವಕಾಶವಾದಿಯೂ ಹೌದು. ಆದರೆ ಪ್ರಯೋಗ ಮಾಡುವುದರಲ್ಲಿ ಎತ್ತಿದ ಕೈ. ಸೈನ್ಯಕ್ಕೆ ಬೆಚ್ಚನೆಯ ಬಟ್ಟೆ ಹೊಲಿಸಬೇಕಿತ್ತು. ಯಾವ ಬಟ್ಟೆ ಎಂದು ದರ್ಜಿಯನ್ನು ಕೇಳುವ ಬದಲು ಅವನು ಥರ್ಮಾಮೀಟರ್ ಹಿಡಿದು ಕೂತ.

ಒಂದು ಗಾಜಿನ ಬುರುಡೆಯ ನಡುವೆ ಥರ್ಮಾಮೀಟರಿನ ಗುಂಡು ನಿಲ್ಲಿಸಿ, ಸುತ್ತಲಿನ ಜಾಗಕ್ಕೆ ಪ್ರತಿ ಸಲವೂ ಒಂದೇ ತೂಕದ ಬೇರೆ ಬೇರೆ ಪದಾರ್ಥ ತುಂಬಿದ. ಕುದಿನೀರಿನಲ್ಲಿ ಬಿಸಿ ಮಾಡಿ, ಮಂಜುಗಡ್ಡೆಯಲ್ಲಿಟ್ಟು, ಗೊತ್ತುಪಡಿಸಿದಷ್ಟು ಡಿಗ್ರಿ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಎಣಿಸಿದ. ಬರೀ ಗಾಳಿ ಇದ್ದಾಗ 576 ಸೆಕೆಂಡು. ಕುರಿಯ ಉಣ್ಣೆ ತುಂಬಿದಾಗ 1118. ಮೊಲದ ತುಪ್ಪಟ ತುಂಬಿದಾಗ 1315. ಇಷ್ಟಾದರೆ ಇದೊಂದು ಬಟ್ಟೆ ಅಂಗಡಿಯ ಪಟ್ಟಿ ಆಗುತ್ತಿತ್ತು. ಅವನ ಜಾಣತನ ಇರುವುದು ರೇಷ್ಮೆಯ ಸಾಲಿನಲ್ಲಿ. ಹುಳು ನೂತ ಹಾಗೆ ಇದ್ದ ಕಚ್ಚಾ ರೇಷ್ಮೆ 1284 ಸೆಕೆಂಡು ಬಿಸಿಯನ್ನು ಹಿಡಿದಿಟ್ಟಿತು. ಅದೇ ರೇಷ್ಮೆ ಟ್ಯಾಫೆಟಾ ಬಟ್ಟೆಯಿಂದ ಬಿಚ್ಚಿದ ಎಳೆಯಾದಾಗ 1169. ಗಟ್ಟಿಯಾಗಿ ಹುರಿ ಮಾಡಿದ ಹೊಲಿಗೆ ದಾರವಾದಾಗ 917. ಪದಾರ್ಥ ಅದೇ, ತೂಕ ಅದೇ. ಬದಲಾದದ್ದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಹಾಗಾದರೆ ಬಿಸಿಯನ್ನು ತಡೆಯುತ್ತಿದ್ದದ್ದು ರೇಷ್ಮೆಯಲ್ಲ. ಅಲುಗಾಡಲು ಜಾಗವಿಲ್ಲದೆ ಎಳೆಗಳ ಸಂದಿನಲ್ಲಿ ನಿಂತ ಗಾಳಿ.

ಲಂಡನ್ನಿನ ರಾಯಲ್ ಸೊಸೈಟಿ 1792ರಲ್ಲಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ನಮ್ಮ ಜಿಲ್ಲೆಯಲ್ಲಿ ಈ ಪ್ರಯೋಗವನ್ನು ದಿನಾ ಪಾದದಲ್ಲೇ ಮಾಡುವವರಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನು ಬರಿಗಾಲಲ್ಲೇ ಹತ್ತಬೇಕು. ಹನ್ನೆರಡು ಗಂಟೆಯ ಬಂಡೆ ಸುಡುತ್ತದೆ. ಅದಕ್ಕೇ ಬೆಟ್ಟದ ಬುಡದಲ್ಲಿ ಕಾಲುಚೀಲ ಮಾರುತ್ತಾರೆ. ತೆಳ್ಳನೆಯ ಆ ನೂಲಿಗೆ ಸ್ವಂತ ಶಕ್ತಿ ಅಷ್ಟೇನೂ ಇಲ್ಲ. ಅದು ಹಿಡಿದುಕೊಂಡ ಗಾಳಿಯ ಪದರ ಗೊಮ್ಮಟನ ಪಾದದವರೆಗೂ ಕರೆದೊಯ್ಯುತ್ತದೆ. ಕಾಲುಚೀಲ ಬೆವರಿಗೆ ಒದ್ದೆಯಾಗಲಿ, ಗಾಳಿಯಿದ್ದ ಜಾಗಕ್ಕೆ ನೀರು ಬರುತ್ತದೆ, ಮತ್ತೆ ಸುಡುತ್ತದೆ.

ಗಾಳಿಗೆ ಅಲುಗಾಡಲು ಬಿಟ್ಟರೆ ಏನಾಗುತ್ತದೆ ಎಂಬುದೂ ರಮ್‌ಫರ್ಡನಿಗೇ ಹೊಳೆದದ್ದು, ಅದೂ ಆಕಸ್ಮಿಕವಾಗಿ. ಮದ್ಯಸಾರ ತುಂಬಿದ ದೊಡ್ಡ ಥರ್ಮಾಮೀಟರೊಂದನ್ನು ಆರಲೆಂದು ಕಿಟಕಿಯಲ್ಲಿ ಇಟ್ಟಿದ್ದ. ಬಿಸಿಲು ಓರೆಯಾಗಿ ಬಿದ್ದು, ದ್ರವದಲ್ಲಿ ಸೇರಿಕೊಂಡಿದ್ದ ದೂಳಿನ ಕಣಗಳು ಹೊಳೆದವು. ನಡುವಿನಲ್ಲಿ ಕಣಗಳು ಮೇಲೇರುತ್ತಿವೆ, ಗಾಜಿನ ಅಂಚಿನಲ್ಲಿ ಕೆಳಗಿಳಿಯುತ್ತಿವೆ. ದ್ರವವೇ ಎದ್ದು ಓಡಾಡಿ ಬಿಸಿಯನ್ನು ಹೊತ್ತು ಸಾಗಿಸುತ್ತಿತ್ತು. ಶಾಲೆಯ ಪುಸ್ತಕದಲ್ಲಿ ನಾವು ಸಂವಹನ ಎಂದು ಕಲಿತದ್ದು ಇದನ್ನೇ. ಸಂದು ಬೇಕು ನಿಜ, ಆದರೆ ಸಂದಿನ ಗಾಳಿಗೆ ತಿರುಗಾಡುವಷ್ಟು ಅಂಗಳ ಸಿಗಬಾರದು.

ತಾಗಿ ಸಾಗುವ ವಹನ, ಓಡಾಡಿ ಸಾಗುವ ಸಂವಹನ ಬಿಟ್ಟರೆ ಶಾಖದ ಮೂರನೆಯ ದಾರಿ ಕಣ್ಣಿಗೆ ಕಾಣದ್ದು, ವಿಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಸೂರ್ಯನ ಬೆಳಕನ್ನು ಒಡೆದು, ಕೆಂಪು ಬಣ್ಣ ಮುಗಿದ ಮೇಲಿನ ಖಾಲಿ ಜಾಗದಲ್ಲಿ ಥರ್ಮಾಮೀಟರ್ ಇಟ್ಟ. ಪಾದರಸ ಅಲ್ಲೇ ಹೆಚ್ಚು ಏರಿತು. 1804ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಒಂದು ತಗಡಿನ ಘನದೊಳಗೆ ಬಿಸಿನೀರು ತುಂಬಿ, ಒಂದು ಬದಿಗೆ ದೀಪದ ಮಸಿ ಬಳಿದು, ಇನ್ನೊಂದನ್ನು ಮಿರಮಿರ ಉಜ್ಜಿ ಇಟ್ಟ. ನೀರು ಅದೇ, ಬಿಸಿ ಅಷ್ಟೇ. ಮಸಿ ಬಳಿದ ಬದಿ ಶಾಖವನ್ನು ಧಾರಾಳವಾಗಿ ಎರಚಿತು, ಹೊಳೆಯುವ ಬದಿ ಕೈ ಬಿಗಿ ಹಿಡಿಯಿತು. ನಮ್ಮ ಇಡೀ ಕತೆಯಲ್ಲಿ ಗಾಡಿ ಕಟ್ಟುವವರು ನೆನಪಿಡಬೇಕಾದ ಒಂದು ಪ್ರಯೋಗ ಇದ್ದರೆ ಅದು ಈ ಲೆಸ್ಲಿಯದು. ಹೊಳೆಯುವ ಮೈ ಶಾಖವನ್ನು ಹಿಂದಕ್ಕೆ ತಳ್ಳುವುದು ಮಾತ್ರವಲ್ಲ, ತಾನು ಬಿಸಿಯಾಗಿದ್ದರೂ ಎದುರಿನದರ ಮೇಲೆ ಹೆಚ್ಚು ಶಾಖ ಸುರಿಯುವುದಿಲ್ಲ.

ಎಷ್ಟು ಸುರಿಯುತ್ತದೆ ಎಂಬ ಲೆಕ್ಕ ಸಿಗಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ಟಿಂಡಾಲ್ ಎಂಬ ವಿಜ್ಞಾನಿ ಪ್ಲಾಟಿನಂ ತಂತಿಯನ್ನು ಕಾಯಿಸಿ, ಮಂದ ಕೆಂಪಿನಿಂದ ಬೆಳ್ಳಗಾಗುವವರೆಗೆ ಅದು ಹೊರಸೂಸುವ ಶಾಖ 11.7 ಪಟ್ಟು ಆಗುತ್ತದೆ ಎಂದು ಅಳೆದಿದ್ದ. ವಿಯೆನ್ನಾದ ಯೋಸೆಫ್ ಸ್ಟೆಫಾನ್ 1879ರಲ್ಲಿ ಆ ಅಂಕಿಯನ್ನು ಕೈಗೆತ್ತಿಕೊಂಡ. ಎರಡು ತಾಪಗಳನ್ನೂ ಪರಮ ಶೂನ್ಯದಿಂದ ಎಣಿಸಿ ಭಾಗಿಸಿ, ನಾಲ್ಕನೆಯ ಘಾತಕ್ಕೆ ಏರಿಸಿದರೆ 11.6 ಬರುತ್ತದೆ. ತಾಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ವಿಕಿರಣ ಏರುತ್ತದೆ ಎಂದು ಅವನು ಸಾರಿದ. ಐದು ವರ್ಷದ ನಂತರ ಅವನ ಶಿಷ್ಯ ಬೋಲ್ಟ್ಸ್‌ಮನ್ ಸಿದ್ಧಾಂತದಿಂದಲೂ ಅದನ್ನೇ ತೋರಿಸಿದ.

ಮೂರೂ ದಾರಿಗೆ ಒಟ್ಟಿಗೆ ಬಾಗಿಲು ಹಾಕಿದವನು ಜೇಮ್ಸ್ ಡ್ಯೂಯರ್. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನು ಗಾಳಿಯನ್ನೂ ಆಮ್ಲಜನಕವನ್ನೂ ದ್ರವ ಮಾಡುತ್ತಿದ್ದ. ಮಾಡಿದ್ದನ್ನು ಇಡಲು ಪಾತ್ರೆ ಇರಲಿಲ್ಲ, ಕ್ಷಣದಲ್ಲಿ ಕುದಿದು ಹಾರಿಹೋಗುತ್ತಿತ್ತು. 1892ರಲ್ಲಿ ಎರಡು ಗೋಡೆಯ ಗಾಜಿನ ಸೀಸೆ ಮಾಡಿಸಿ, ಗೋಡೆಗಳ ನಡುವಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆದ. ಒಳಮೈಗೆ ಬೆಳ್ಳಿ ಬಳಿದಾಗ ಆವಿಯಾಗುವುದು ಇನ್ನೂ ಬಹಳ ಕಡಿಮೆಯಾಯಿತು. ನಿರ್ವಾತಕ್ಕೆ ವಹನ, ಸಂವಹನ ನಿಂತವು. ಬೆಳ್ಳಿಗೆ ವಿಕಿರಣ ನಿಂತಿತು. ಡ್ಯೂಯರ್ ಪೇಟೆಂಟ್ ತೆಗೆಯಲಿಲ್ಲ. ಜರ್ಮನಿಯ ಗಾಜು ಊದುವವನಾದ ರೈನ್‌ಹೋಲ್ಡ್ ಬುರ್ಗರ್ ಲೋಹದ ಕವಚ ಹಾಕಿ ಮನೆಬಳಕೆಗೆ ತಂದ, 1904ರಲ್ಲಿ ಥರ್ಮಾಸ್ ಕಂಪನಿ ಹುಟ್ಟಿತು. ಡ್ಯೂಯರ್ ಕೋರ್ಟಿಗೆ ಹೋಗಿ ಸೋತ. ಆಸ್ಪತ್ರೆಯ ವಾರ್ಡಿಗೆ ಕಾಫಿ, ಗಂಜಿ ಹೊತ್ತು ನಡೆಯುವ ನಮ್ಮ ಫ್ಲಾಸ್ಕುಗಳೆಲ್ಲ ಅವನ ಸೀಸೆಯ ಮೊಮ್ಮಕ್ಕಳು. ಅವನಿಗೆ ಅದರಿಂದ ಬಿಡಿಗಾಸು ಬರಲಿಲ್ಲ.

ಗಾಡಿಗೆ ನಿರ್ವಾತದ ಗೋಡೆ ಕಟ್ಟಲಾಗದು. ಆದರೆ ಹೊಳೆಯುವ ಮೈ ಮತ್ತು ಸಂದು, ಇವೆರಡನ್ನು ಅಗ್ಗವಾಗಿ ಕಟ್ಟಬಹುದು ಎಂದು 1920ರ ದಶಕದಲ್ಲಿ ಜರ್ಮನಿಯ ಎರ್ನ್ಸ್ಟ್ ಶ್ಮಿಟ್ ತೋರಿಸಿದ. ತೆಳ್ಳನೆಯ ಅಲ್ಯೂಮಿನಿಯಂ ಹಾಳೆಗಳನ್ನು ಒಂದಕ್ಕೊಂದು ಅಂಟದಂತೆ ಸಣ್ಣ ಗಾಳಿಸಂದು ಬಿಟ್ಟು ಜೋಡಿಸಿದ. ಲೋಹದಿಂದ ಬಿಸಿ ತಡೆಯುವುದೆಂದರೆ ಆಗಿನವರಿಗೆ ಹುಚ್ಚುಮಾತು. ಲೋಹದಷ್ಟು ಬೇಗ ಬಿಸಿ ಸಾಗಿಸುವ ಪದಾರ್ಥ ಬೇರೆ ಯಾವುದಿದೆ? ಅಲ್ಯೂಮಿನಿಯಂ ಸಾಗಿಸುತ್ತದೆ ನಿಜ, ಅದಕ್ಕೆ ಯಾವುದಾದರೂ ತಾಗಿದರೆ ಮಾತ್ರ. ತಾಗದಿದ್ದರೆ ಅದರ ಹೊಳಪಷ್ಟೇ ಕೆಲಸ ಮಾಡುತ್ತದೆ.

1951ರಲ್ಲಿ ಸ್ವೀಡನ್ನಿನ ಪೀಟರ್ ಪೀಟರ್ಸನ್ ಇದನ್ನೇ ಡ್ಯೂಯರನ ನಿರ್ವಾತದೊಳಗೆ ತಂದಿಟ್ಟ. ಅಲ್ಯೂಮಿನಿಯಂ ಹಾಳೆ, ಗಾಜಿನ ನಾರು, ಮತ್ತೆ ಹಾಳೆ, ಮತ್ತೆ ನಾರು. ಎರಡು ಬದಿಯ ಗೋಡೆಗಳೂ ಅಷ್ಟೇ ಹೊಳೆಯುವಂಥವಾಗಿದ್ದು, ನಡುವೆ ಒಂದು ಹೊಳೆಯುವ ಹಾಳೆ ಅಡ್ಡ ಹಿಡಿದರೆ ದಾಟುವ ವಿಕಿರಣ ಅರ್ಧಕ್ಕಿಳಿಯುತ್ತದೆ, ಎರಡು ಹಿಡಿದರೆ ಮೂರನೇ ಒಂದು, ಇಪ್ಪತ್ತು ಹಿಡಿದರೆ ಇಪ್ಪತ್ತೊಂದನೇ ಒಂದು ಪಾಲು. ಉಪಗ್ರಹಗಳಿಗೆ ಇವತ್ತು ಸುತ್ತುವ ಬಂಗಾರದ ಬಣ್ಣದ ಹೊದಿಕೆ ಇದರದೇ ಸಂತತಿ. ಅದು ಬಂಗಾರವಲ್ಲ. ಕ್ಯಾಪ್ಟಾನ್ ಎಂಬ ಜೇನುಬಣ್ಣದ ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಅಲ್ಯೂಮಿನಿಯಂ ಲೇಪಿಸಿರುತ್ತಾರೆ. ಒಳಗೆ ಹತ್ತಾರು ಪದರ, ಪದರಗಳು ತಾಗದಂತೆ ನಡುವೆ ಬಲೆಬಟ್ಟೆ. ನಮ್ಮ ಕಡೆ ಹಳೆ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಕೌದಿಯ ಹಾಗೆಯೇ. ವ್ಯತ್ಯಾಸವೆಂದರೆ ಕೌದಿಗೆ ಹೊಲಿಗೆ ಹೆಚ್ಚಾದಷ್ಟೂ ಆಯುಸ್ಸು; ಈ ಹೊದಿಕೆಗೆ ಹೊಲಿಗೆ ಬಿದ್ದಲ್ಲೆಲ್ಲ ಪದರಗಳು ಒತ್ತಿಕೊಂಡು ಶಾಖ ಸೋರುತ್ತದೆ. ರಾಕೆಟ್ ಏರುವಾಗ ಒಳಗಿನ ಗಾಳಿ ಹೊರಹೋಗಲೆಂದು ಹಾಳೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳನ್ನೂ ಬಿಟ್ಟಿರುತ್ತಾರೆ.

ಈ ಹೊದಿಕೆ ಏನನ್ನು ತಾಳಿಕೊಳ್ಳಬೇಕು ನೋಡಿ. ಅಲ್ಲಿ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬಿಸಿಲು. ವರ್ಷಕ್ಕೆರಡು ಸಲ, ಹಗಲುರಾತ್ರಿ ಸಮವಾಗುವ ದಿನಗಳ ಆಚೀಚೆ ಒಂದೂವರೆ ತಿಂಗಳ ಕಾಲ, ಭೂಸ್ಥಿರ ಉಪಗ್ರಹ ದಿನಾ ಭೂಮಿಯ ನೆರಳಿಗೆ ಹೊಗುತ್ತದೆ. ಒಮ್ಮೊಮ್ಮೆ ನೆರಳು 72 ನಿಮಿಷ ಇರುತ್ತದೆ. ಆಗ ಸೌರಫಲಕಗಳು ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿಳಿಯುತ್ತವೆ, ಬ್ಯಾಟರಿಯನ್ನೂ ಇಂಧನದ ಕೊಳವೆಯನ್ನೂ ಬೆಚ್ಚಗಿಡಲು ಹೀಟರ್ ಬೇಕಾಗುತ್ತದೆ. ಹಾಸನದಲ್ಲಿ ಪಾಳಿಯ ಮೇಲೆ ಕೂತವರಿಗೆ ಅದು ಕಣ್ಣು ಮುಚ್ಚದ ಕಾಲ.

ಹೊದಿಕೆ ಹರಿದರೆ ಏನಾಗುತ್ತದೆ ಎಂಬುದಕ್ಕೆ ಸ್ಕೈಲ್ಯಾಬ್ ಸಾಕ್ಷಿ. 1979ರಲ್ಲಿ ಅದು ನಮ್ಮ ತಲೆ ಮೇಲೇ ಬೀಳುತ್ತದೆ ಎಂದು ಹೆದರಿದ್ದ ಹಿರಿಯರು ಈಗಲೂ ಇದ್ದಾರೆ. ಅದರ ಇನ್ನೊಂದು ಕತೆ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. 1973ರ ಮೇ 14ರಂದು ಹಾರುವಾಗಲೇ ಹೊರಗಿನ ಕವಚ ಕಿತ್ತುಹೋಯಿತು. ಬಾಹ್ಯಾಕಾಶದ ಆ ಮನೆಯ ಒಳಗೆ ತಾಪ 50 ಡಿಗ್ರಿ ದಾಟಿತು. ಊಟ ಕೆಡುವ, ಪ್ಲಾಸ್ಟಿಕ್ ಕರಗಿ ವಿಷದ ಗಾಳಿ ಸೇರುವ ಭಯ. ನಾಸಾದ ಜ್ಯಾಕ್ ಕಿನ್ಜ್ಲರ್ ಹ್ಯೂಸ್ಟನ್ನಿನ ಅಂಗಡಿಯಿಂದ ಮೀನು ಹಿಡಿಯುವ, ಒಂದರೊಳಗೊಂದು ಸೇರುವ ಕೋಲುಗಳನ್ನು ತರಿಸಿ, ಬಟ್ಟೆ ಕಟ್ಟಿ, ಸಣ್ಣ ಕಿಂಡಿಯಿಂದ ಹೊರಗೆ ತಳ್ಳಿದರೆ ಬಿಚ್ಚಿಕೊಳ್ಳುವ ಕೊಡೆಯ ಮಾದರಿ ಮಾಡಿ ತೋರಿಸಿದ. ಮೇ 26ರಂದು ಗಗನಯಾತ್ರಿಗಳು ಒಳಗಿನಿಂದಲೇ ಆ ಕೊಡೆ ಅರಳಿಸಿದರು. ತಾಪ ಇಳಿಯತೊಡಗಿತು. ಒಳಗೆ ಏನನ್ನೂ ಹಚ್ಚಲಿಲ್ಲ, ಯಂತ್ರ ಕೂರಿಸಲಿಲ್ಲ. ಗೋಡೆಗೆ ತಾಗದಂತೆ ಹೊರಗೆ ನೆರಳು ಹಿಡಿದರು, ಅಷ್ಟೇ.

ಗಾಡಿಯನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸುವ ಉಪಾಯವೂ ಮೇಲೆ ನಡೆಯುತ್ತದೆ. 2013ರ ಜುಲೈ 26ರಂದು ಹಾರಿದ ಹವಾಮಾನ ಉಪಗ್ರಹ ಇನ್ಸಾಟ್-3ಡಿಗೂ ಒಂದೇ ಕಡೆ ರೆಕ್ಕೆ. ಅದರ ತಣ್ಣನೆಯ ಕಣ್ಣಿನ ಕಡೆಗೆ ಸೂರ್ಯ ವಾಲದಿರಲೆಂದು ವರ್ಷಕ್ಕೆ ಎರಡು ಬಾರಿ ಇಡೀ ಉಪಗ್ರಹವನ್ನೇ ಅರ್ಧ ಸುತ್ತು ತಿರುಗಿಸುವ ಏರ್ಪಾಡು ಮಾಡಿದರು. ಸೂರ್ಯ ಸಮಭಾಜಕದ ಉತ್ತರಕ್ಕಿದ್ದಾಗ ಒಂದು ಮುಖ, ದಕ್ಷಿಣಕ್ಕಿದ್ದಾಗ ಇನ್ನೊಂದು.

ಇನ್ನು ನೆಲಕ್ಕೆ ಬರೋಣ. ನೆಲದ ಮೇಲೆ ಗಾಳಿಯನ್ನು ಗುಳ್ಳೆಗಳಲ್ಲಿ ಸೆರೆಹಿಡಿಯುವುದು ಸುಲಭ. ಆ ಕತೆಯೂ ಸೊಗಸಾಗಿದೆ. 1937ರಲ್ಲಿ ಜರ್ಮನಿಯ ಲೆವರ್ಕುಸೆನ್ನಿನಲ್ಲಿ ಓಟೊ ಬಾಯರ್ ಪಾಲಿಯುರೆಥೇನ್ ಕಂಡುಹಿಡಿದ. 1941ರ ಸುಮಾರಿಗೆ ಅಚ್ಚು ಹಾಕುವಾಗ ಎಲ್ಲಿಂದಲೋ ತೇವ ಸೇರಿ, ಇಂಗಾಲದ ಡೈಆಕ್ಸೈಡ್ ಹುಟ್ಟಿ, ಮಾಲಿನ ತುಂಬಾ ಗುಳ್ಳೆಗಳಾದವು. ಪರೀಕ್ಷೆ ಮಾಡಿದವರು ಇದು ಸ್ವಿಸ್ ಚೀಸಿನ ನಕಲು ಮಾಡಲು ಆದೀತು ಎಂದು ಗೇಲಿ ಮಾಡಿದರಂತೆ. ಆ ಗುಳ್ಳೆಯ ಮಾಲೇ ಇವತ್ತಿನ ‘ಪಫ್’. ಹಾಸನದವರ ಬದುಕಿನಲ್ಲಿ ಅದು ಎರಡು ಕಡೆ ಸಿಗುತ್ತದೆ. ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರುವ ಬಿತ್ತನೆ ಆಲೂಗಡ್ಡೆ ಮೊಳೆಯದಂತೆ ಕಾಯುವ ಕೋಲ್ಡ್ ಸ್ಟೋರೇಜುಗಳ ಗೋಡೆಯಲ್ಲಿ, ಹಳೆಯ ಕಟ್ಟಡವಾದರೆ ಥರ್ಮೋಕೋಲ್, ಹೊಸದಾದರೆ ಪಫ್ ಪ್ಯಾನಲ್. ಇನ್ನೊಂದು ಹಾಲಿನ ಟ್ಯಾಂಕರು. ಅದರ ಎರಡು ಉಕ್ಕಿನ ಚಿಪ್ಪುಗಳ ನಡುವೆ ಇಂಥದೇ ಪದರ ಇರುವುದರಿಂದ 4 ಡಿಗ್ರಿಗೆ ತಣಿಸಿದ ಹಾಲು ಬಿಸಿಲ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೂ ಒಡೆಯುವುದಿಲ್ಲ. ಗಾಲಿಯ ಮೇಲಿನ ಪೆಟ್ಟಿಗೆಗೆ ಶಾಖ ತಡೆಯುವ ವಿದ್ಯೆ ನಮ್ಮೂರಿಗೆ ಹಾಲಿನ ಜೊತೆಯಲ್ಲೇ ಬಂದಿದೆ. ಮನುಷ್ಯರು ಕೂರುವ ಪೆಟ್ಟಿಗೆಗೆ ಯಾಕೋ ಅದನ್ನು ಇಲ್ಲಿ ಯಾರೂ ಅಷ್ಟಾಗಿ ಯೋಚಿಸಲಿಲ್ಲ.

ಹೊರಗಿನವರು ಯೋಚಿಸಿದ್ದರು. ಅಮೆರಿಕದ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ಕ್ಲಿಪ್ಪರ್ ಎಂಬ ಅಲ್ಯೂಮಿನಿಯಂ ಟ್ರೈಲರ್ ಹೊರತಂದಾಗ ಶಾಖನಿರೋಧಕ ಪದರ, ಗಾಳಿಕಿಂಡಿಗಳ ಜೊತೆಗೆ ಡ್ರೈ ಐಸ್ ಬಳಸುವ ತಂಪಿನ ಏರ್ಪಾಡನ್ನೂ ಇಟ್ಟಿತ್ತು. 1969ರಲ್ಲಿ ಚಂದ್ರನಿಂದ ಮರಳಿದ ಮೂವರನ್ನು ರೋಗಾಣುವಿನ ಭಯಕ್ಕೆ ಕೂಡಿಹಾಕಿದ್ದೂ ಅದೇ ಕಂಪನಿಯ ಟ್ರೈಲರಿನಲ್ಲಿ. ಆಫ್ರಿಕಾದಲ್ಲಿ ಓಡುತ್ತಿದ್ದ ಲ್ಯಾಂಡ್ ರೋವರ್ ಜೀಪುಗಳಿಗೆ ಛಾವಣಿಯ ಮೇಲೆ ಸ್ವಲ್ಪ ಸಂದು ಬಿಟ್ಟು ಇನ್ನೊಂದು ತಗಡಿನ ಛಾವಣಿ ಹಾಕುತ್ತಿದ್ದರು. ಬಿಸಿಲು ಮೇಲಿನದಕ್ಕೆ, ನೆರಳು ಕೆಳಗಿನದಕ್ಕೆ, ನಡುವೆ ಗಾಳಿಯ ಓಟ. ಸ್ಕೈಲ್ಯಾಬಿನ ಕೊಡೆಗಿಂತ ಎಷ್ಟೋ ವರ್ಷ ಹಿಂದಿನ ಮಾತು ಇದು.

ನಮ್ಮಲ್ಲಿ ಹೇಗೆ ಮಾಡುತ್ತಾರೆ? ತಗಡಿನ ಒಳಮೈಗೆ ಬೆಳ್ಳಿಬಣ್ಣದ ಬಬಲ್ ಶೀಟನ್ನು ಗಮ್ ಹಾಕಿ ಅಂಟಿಸಿ, ಅದರ ಮೇಲೇ ಪ್ಲೈವುಡ್ ಒತ್ತಿ ಸ್ಕ್ರೂ ಬಿಗಿಯುತ್ತಾರೆ. ಗಿರಾಕಿಗೆ ಹೊಳಪು ತೋರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ. ಒಂದು ಕಡೆ ತಗಡು, ಇನ್ನೊಂದು ಕಡೆ ಪ್ಲೈವುಡ್ ತಾಗಿದ ಮೇಲೆ ಆ ಹೊಳಪಿಗೆ ಮಾಡಲು ಕೆಲಸವೇ ಇಲ್ಲ. ಉಳಿಯುವುದು ನಡುವಿನ ನಾಲ್ಕಾರು ಮಿಲಿಮೀಟರ್ ಗುಳ್ಳೆ ಮಾತ್ರ. ಅದೇ ಶೀಟನ್ನು ತಗಡಿನಿಂದ ಒಂದು ಇಂಚು ಕೆಳಗೆ ಇಳಿಬಿಟ್ಟು ನೋಡಿ. 65 ಡಿಗ್ರಿಗೆ ಕಾದ ಛಾವಣಿ 30 ಡಿಗ್ರಿಯ ಒಳಹೊದಿಕೆಯ ಮೇಲೆ ಚದರ ಮೀಟರಿಗೆ ಇನ್ನೂರಕ್ಕೂ ಹೆಚ್ಚು ವ್ಯಾಟ್ ಸುರಿಯುತ್ತದೆ ಎಂದು ಸ್ಟೆಫಾನನ ಲೆಕ್ಕ ಹೇಳುತ್ತದೆ. ನಡುವೆ ಹೊಳೆಯುವ ಮೈ ಬಂದರೆ ಅದು ಹದಿನೈದರ ಒಳಗೆ ಇಳಿಯುತ್ತದೆ. ಬಿಸಿ ಮೇಲಿರುವುದರಿಂದ ಸಂದಿನ ಗಾಳಿಯೂ ಏಳುವುದಿಲ್ಲ. ಶೀಟಿನ ಕೆಳಗೂ ಸಂದು ಬಿಟ್ಟು ಹೊಳಪನ್ನು ಕೆಳಮುಖ ಮಾಡಿದರೆ ಒಳ್ಳೆಯದು, ಮೇಲ್ಮುಖವಾಗಿದ್ದರೆ ದೂಳು ಕೂತು ಮಂಕಾಗುತ್ತದೆ.

ಎರಡನೆಯ ಎಡವಟ್ಟು ಕಣ್ಣಿಗೆ ಕಾಣಬೇಕಾದರೆ ಡಿಸೆಂಬರ್, ಜನವರಿಯಲ್ಲಿ ಪಫ್ ತುಂಬಿಸಿದ ಗಾಡಿಯೊಳಗೆ ಮಲಗಿ ಬೆಳಗಿನ ಜಾವ ಟಾರ್ಚ್ ಹಾಕಿ ನೋಡಬೇಕು. ಉಸಿರಿನ ಆವಿ ಛಾವಣಿಗೆ ಹನಿಗಟ್ಟಿರುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಗೆರೆ ಎಳೆದ ಹಾಗೆ, ಮೊಳಕ್ಕೊಂದರಂತೆ, ಒಳಗಿನ ಕಬ್ಬಿಣದ ಪಟ್ಟಿ ಎಲ್ಲೆಲ್ಲಿ ಓಡಿದೆಯೋ ಅಲ್ಲಲ್ಲಿ ಮಾತ್ರ ಸಾಲುಸಾಲು ಹನಿ. ಸ್ಕ್ರೂ ಇರುವಲ್ಲಿ ಒಂದೊಂದು ದಪ್ಪ ಹನಿ. ನಡುವಿನ ಜಾಗ ಒಣಗಿಯೇ ಇರುತ್ತದೆ. ಪಫ್ ತುಂಬಿದ ಜಾಗ ಬಿಸಿಯನ್ನು ಹಿಡಿದಿಟ್ಟಿದೆ, ಹೊರತಗಡಿಗೂ ಒಳಹೊದಿಕೆಗೂ ಸೇತುವೆಯಾದ ಲೋಹ ಅದನ್ನು ಹೊರಗೆ ಸಾಗಿಸಿದೆ. ಅಲ್ಯೂಮಿನಿಯಂ ಪಫ್‌ಗಿಂತ ಸಾವಿರಾರು ಪಟ್ಟು ಚುರುಕಾಗಿ ಶಾಖ ಒಯ್ಯುತ್ತದೆ, ಕಬ್ಬಿಣವೂ ಸಾವಿರದ ಲೆಕ್ಕದಲ್ಲೇ. ಆ ಪಟ್ಟಿಗಳ ಮೇಲೆ ಮರದ ರೀಪರು ಕೂರಿಸಿ ಆಮೇಲೆ ಪ್ಲೈವುಡ್ ಹೊಡೆದರೆ ಸೇತುವೆ ಮುರಿಯುತ್ತದೆ. ಒಳಬದಿಗೆ ಪಾಲಿಥೀನ್ ಹಾಳೆ ಹಾಕಿ ಅಂಚುಗಳನ್ನು ಟೇಪಿನಿಂದ ಮುಚ್ಚಿದರೆ ಆವಿ ತಗಡಿನವರೆಗೆ ಹೋಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ.

ಎ.ಸಿ. ಇದ್ದರೆ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ಛಾವಣಿಯ ಮೇಲೆ ನಡುಮಧ್ಯಾಹ್ನ ಬೀಳುವ ಬಿಸಿಲು ಸುಮಾರು 10 ಕಿಲೋವ್ಯಾಟ್. ಕಪ್ಪು ಬಣ್ಣವಾದರೆ 9 ಕಿಲೋವ್ಯಾಟನ್ನೂ ಕುಡಿಯುತ್ತದೆ, ಒಳ್ಳೆಯ ಬಿಳಿಬಣ್ಣ ಎರಡು ಮೂರಕ್ಕೆ ನಿಲ್ಲಿಸುತ್ತದೆ. ಕುಡಿದದ್ದರಲ್ಲಿ ಬಹುಪಾಲು ಗಾಳಿಗೂ ಆಕಾಶಕ್ಕೂ ಹೋಗುತ್ತದೆ, ಉಳಿದದ್ದು ಒಳಗೆ. ಒಂದು ಟನ್ ಎ.ಸಿ. ಎಷ್ಟೇ ಉಸಿರು ಬಿಗಿಹಿಡಿದರೂ ಹೊರಹಾಕುವುದು 3.5 ಕಿಲೋವ್ಯಾಟ್. ಅದಕ್ಕೆ ಬೇಕಾದ ಜನರೇಟರಿನ ಸದ್ದು, ಡೀಸೆಲ್ಲಿನ ದುಡ್ಡು ಬೇರೆ. ಬಿಳಿಬಣ್ಣದ ಒಂದು ಡಬ್ಬದಿಂದ ಆಗುವ ಕೆಲಸಕ್ಕೆ ಕಂಪ್ರೆಸರ್ ದುಡಿಸುವುದು ನನ್ನ ದೃಷ್ಟಿಯಲ್ಲಿ ದಡ್ಡತನ.

ಆದ್ದರಿಂದ ಗಾಡಿ ಮಾಡಿಸುವವರು ಮೊದಲು ನೆತ್ತಿಗೆ ಬಿಳಿ ಬಳಿಸಿ, ಸಾಧ್ಯವಾದರೆ ಅದರ ಮೇಲೊಂದು ಎರಡನೆಯ ಛಾವಣಿ ಹಾಕಿಸಿ. ಸೋಲಾರ್ ಪ್ಯಾನಲ್ ಕೂರಿಸುವುದಿದ್ದರೆ ಒಂದೆರಡು ಇಂಚು ಎತ್ತರಿಸಿ ಕೂರಿಸಿ, ನೆರಳಿನ ಕೆಲಸವನ್ನೂ ಅದೇ ಮಾಡುತ್ತದೆ. ಗಾಜಿಗೆ ಪರದೆ ಕಟ್ಟುವುದಾದರೆ ಹೊರಗಡೆ ಕಟ್ಟಿ. ಒಳಗೆ ಕಟ್ಟಿದರೆ ಬಿಸಿಲು ಆಗಲೇ ಮನೆಯೊಳಗೆ ಬಂದು ಕೂತಿರುತ್ತದೆ. ಅಡುಗೆ ಮಾಡುವ ಗಾಡಿಯಾದರೆ ಒಲೆಯ ಸುತ್ತ ಥರ್ಮೋಕೋಲ್, ಪಫ್ ಬೇಡವೇ ಬೇಡ. ಹೊತ್ತಿದರೆ ಅವುಗಳ ಹೊಗೆ ವಿಷ. ಅಲ್ಲಿಗೆ ರಾಕ್‌ವೂಲ್ ಹಾಕಿಸಿ. ಮತ್ತು ಒಳಗಿನ ಪ್ಲೈವುಡ್ ಹೊಡೆಯುವ ದಿನ ಕೆಲಸ ಬಿಟ್ಟಾದರೂ ಶೆಡ್ಡಿಗೆ ಹೋಗಿ ನಿಂತು, ಸಂದು ಬಿಟ್ಟಿದ್ದಾರೆಯೇ, ಪಟ್ಟಿಯ ಮೇಲೆ ಮರ ಕೂರಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಮುಚ್ಚಿದ ಮೇಲೆ ಅದನ್ನು ನೋಡಬೇಕಾದರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.